ಕೌಂಟರಿನ ಈಚೆ ಬಂದ ಮೇಷ್ಟ್ರು

(ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಓಟ ಮಾತ್ರ ಹಾಗೇ ಬಿಟ್ಟಿದ್ದೇನೆ.)

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ 'ಸಾರ್ವಜನಿಕ ಮತ್ತು ಲಾಭರಹಿತ ಸಂಸ್ಥೆಗಳ ನಿರ್ವಹಣಾ ವಿದ್ವಾಂಸರ ವೃತ್ತಿಪಥ' ಅಂತ ಅಚ್ಚಾಗಿದೆ. ಮನೆಯಲ್ಲಿ ನನ್ನ ಹೆಂಡತಿ ಅದನ್ನು ಎರಡು ಸಲ ಓದಿದಳು. ಆಮೇಲೆ "ಏನಿದು, ಟೆಂಡರ್ ನೋಟಿಸಾ?" ಎಂದಳು. ತಪ್ಪು ನನ್ನದೇ. ಸಂಘಟಕರು ಫೋನ್ ಮಾಡಿ ವಿಷಯ ಕೇಳಿದಾಗ ಬಸ್ಸಿನಲ್ಲಿ ನಿಂತಿದ್ದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಬಿಡಿಸಿ ಹೇಳಿದರೆ ಹೀಗೆ. ಸರ್ಕಾರಿ ಕಚೇರಿ, ನೀರಿನ ಮಂಡಳಿ, ಜಿಲ್ಲಾ ಆಸ್ಪತ್ರೆ, ಆಮೇಲೆ ಟ್ರಸ್ಟು, ಸಂಘ, ಎನ್‌ಜಿಒ. ಇವು ಯಾವುವೂ ಲಾಭಕ್ಕೆ ಅಂತ ನಡೆಯುವಂಥವಲ್ಲ. ಹಾಗಾದರೆ ಇವು ಚೆನ್ನಾಗಿ ನಡೀತಿವೆಯೋ ಇಲ್ವೋ ಅಂತ ಗೊತ್ತಾಗುವುದು ಹೇಗೆ? ಸೋಪಿನ ಕಂಪನಿಗೆ ಅದು ಸುಲಭ. ಸೋಪು ಖರ್ಚಾಗದಿದ್ದರೆ ತಿಂಗಳ ಕೊನೆಗೆ ಲೆಕ್ಕದ ಪುಸ್ತಕವೇ ಹೇಳುತ್ತದೆ. ನೀರಿನ ಮಂಡಳಿಗೆ ಹಾಗೆ ಹೇಳುವವರು ಯಾರು? ನಲ್ಲಿ ಒಣಗಿದರೂ ಸಂಬಳ ಆಗುತ್ತದೆ. ನಮಗೆ ಬಿಲ್ಲೂ ಬರುತ್ತದೆ. ಈ ಪ್ರಶ್ನೆಯ ಬೆನ್ನು ಹತ್ತಿದವರ ಕಸುಬಿಗೆ ಆ ಉದ್ದದ ಹೆಸರು.

ಕಸುಬಿನ ಲಕ್ಷಣ ಹೇಳುತ್ತಾ ಹೋದರೆ ನೀವು ನಿದ್ದೆ ಮಾಡುತ್ತೀರಿ. ಊಟದ ನಂತರದ ಗೋಷ್ಠಿ ಬೇರೆ. ಅದಕ್ಕೆ ಒಬ್ಬರ ಕಥೆ ಹೇಳುತ್ತೇನೆ. ಸ್ಯಾಮ್ಯುಯೆಲ್ ಪಾಲ್. ಹೆಸರು ಕೇಳಿದವರು ಕೈ ಎತ್ತಿ ನೋಡೋಣ. ಮೂರು ಕೈ. ಅದರಲ್ಲಿ ಎರಡು ಮುಂದಿನ ಸಾಲಿನ ಮೇಷ್ಟ್ರುಗಳದ್ದು.

ಪಾಲ್ ಕೇರಳದವರು, 1930ರಲ್ಲಿ ಹುಟ್ಟಿದವರು, ಅರ್ಥಶಾಸ್ತ್ರ ಓದಿದವರು. ಅಹಮದಾಬಾದಿನ ಐಐಎಂ 1961ರಲ್ಲಿ ಶುರುವಾಯಿತಲ್ಲ, ಅಲ್ಲಿ ಮೇಷ್ಟ್ರಾದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರವಿ ಮಥಾಯ್. ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1965ರಲ್ಲಿ ಆ ಕುರ್ಚಿಗೆ ಬಂದವರು 1972ರಲ್ಲಿ ತಾವಾಗಿಯೇ ಎದ್ದರು. ಎದ್ದು ಇನ್ನೂ ದೊಡ್ಡ ಕುರ್ಚಿ ಹುಡುಕಲಿಲ್ಲ. ಅದೇ ಸಂಸ್ಥೆಯಲ್ಲಿ ಸಾದಾ ಪ್ರೊಫೆಸರ್ ಆಗಿ ಉಳಿದರು. ಆಮೇಲೆ ರಾಜಸ್ಥಾನದ ಜವಾಜಾ ಎಂಬ ಬರದ ಸೀಮೆಗೆ ಹೋಗಿ ನೇಕಾರರು, ಚರ್ಮದ ಕೆಲಸದವರ ಜೊತೆ ಕೂತರು. ನಮ್ಮಲ್ಲಿ ವಿಭಾಗದ ಮುಖ್ಯಸ್ಥರು ಬದಲಾಗುವ ಹೊತ್ತಿಗೆ ಎಷ್ಟು ರಾದ್ಧಾಂತ ಆಗುತ್ತದೆ ಅಂತ ಮುಂದಿನ ಸಾಲಿಗೆ ಚೆನ್ನಾಗಿ ಗೊತ್ತು. ಮಥಾಯ್ ಎದ್ದ ಕುರ್ಚಿಗೆ ಬಂದವರೇ ಪಾಲ್. 1978ರವರೆಗೆ ನಿರ್ದೇಶಕರಾಗಿದ್ದರು.

ಆ ಕಾಲಕ್ಕೆ ಮ್ಯಾನೇಜ್‌ಮೆಂಟ್ ಅಂದರೆ ಕಂಪನಿ, ಬಟ್ಟೆ ಗಿರಣಿ, ಮಾರಾಟ. ಅಂಥ ಕಡೆ 1975ರಲ್ಲಿ ಸರ್ಕಾರಿ ವ್ಯವಸ್ಥೆಗಳ ನಿರ್ವಹಣೆಗೆ ಅಂತಲೇ ಒಂದು ಅಧ್ಯಯನ ಗುಂಪು ಹುಟ್ಟಿಕೊಂಡಿತು. ಈಗ ಇದು ಮಾಮೂಲಿ ಅನ್ನಿಸಬಹುದು. ಆಗ ಅಲ್ಲ. ಸರ್ಕಾರ ನಡೆಸುವುದು ಐಎಎಸ್‌ನವರ ಕೆಲಸ, ಅದರಲ್ಲಿ ಮೇಷ್ಟ್ರುಗಳು ಕಲಿಸುವಂಥದ್ದೇನಿದೆ ಅನ್ನುವ ಕಾಲ.

ಪಾಲ್ ಆಮೇಲೆ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟ. ಅಭಿವೃದ್ಧಿ ಯೋಜನೆಗಳು ಯಾಕೆ ಸೋಲುತ್ತವೆ ಅಂತ ಎಲ್ಲರೂ ಬರೆಯುತ್ತಿದ್ದಾಗ, ಇವರು ಗೆದ್ದವನ್ನು ಹುಡುಕಿಕೊಂಡು ಹೊರಟರು. ಆರು ದೇಶ, ಆರು ಯೋಜನೆ. ನಮ್ಮ ಹೈನುಗಾರಿಕೆ, ಕೆನ್ಯಾದ ಸಣ್ಣ ರೈತರ ಚಹಾ, ಫಿಲಿಪೀನ್ಸಿನ ಭತ್ತ, ಇಂಡೊನೇಷ್ಯಾದ ಕುಟುಂಬ ಯೋಜನೆ, ಚೀನಾದ ಸಾರ್ವಜನಿಕ ಆರೋಗ್ಯ, ಮೆಕ್ಸಿಕೋದ ಹಳ್ಳಿ ಶಾಲೆ. ಫಿಲಿಪೀನ್ಸಿನ ಯೋಜನೆಯ ಹೆಸರು ಮಸಗಾನಾ 99. ಹೆಕ್ಟೇರಿಗೆ 99 ಮೂಟೆ ಬೆಳೆಯಬೇಕು ಅನ್ನುವ ಗುರಿಯನ್ನೇ ಹೆಸರಿಗೆ ಸೇರಿಸಿಬಿಟ್ಟಿದ್ದರು. ಗುರಿ ಏನಪ್ಪಾ ಅಂತ ಯಾರೂ ಕಡತ ತೆಗೆದು ನೋಡಬೇಕಿರಲಿಲ್ಲ.

ಹುಡುಕಿದಾಗ ಅವರಿಗೆ ಕಂಡದ್ದು ಇದು: ಗೆದ್ದವು ಹೆಚ್ಚಾಗಿ ಒಂದೇ ಕೆಲಸ ಹಿಡಿದು ಶುರು ಮಾಡಿದ್ದವು. ನಮ್ಮ ಹೈನುಗಾರಿಕೆ ಬೆಳೆದ ಗುಜರಾತಿನ ಆನಂದ್ ಊರಿನಲ್ಲಿ ಮೊದಲು ಹಾಲು. ಬೆಳಿಗ್ಗೆ ಸಂಜೆ ಹಾಲು ಅಳೆದು, ಕೊಬ್ಬು ನೋಡಿ ದುಡ್ಡು ಕೊಡುವುದು. ಅದು ಬೇರು ಬಿಟ್ಟ ಮೇಲೆ ಪಶು ಆಹಾರ, ಆಮೇಲೆ ಡಾಕ್ಟರು. ನಮ್ಮಲ್ಲಿ ಈಗಲೂ ಒಂದು ಯೋಜನೆ ಬಂದರೆ ಅದರಲ್ಲಿ ಕುರಿ, ಕೋಳಿ, ಜೇನು, ತರಬೇತಿ, ಮೊಬೈಲ್ ಆ್ಯಪ್ ಎಲ್ಲ ಮೊದಲ ದಿನವೇ ಇರುತ್ತದೆ. ಉದ್ಘಾಟನೆಯ ಬ್ಯಾನರ್ ಮೇಲೆ ಜಾಗ ಸಾಲುವುದಿಲ್ಲ.

ಎಂಬತ್ತರ ದಶಕ ಅವರು ವಿಶ್ವಬ್ಯಾಂಕಿನಲ್ಲಿ ಕಳೆದರು. ಬ್ಯಾಂಕಿನ ಯೋಜನೆಗಳಲ್ಲಿ ಜನ ನಿಜವಾಗಿ ಎಷ್ಟು ಸೇರಿಕೊಂಡಿದ್ದಾರೆ ಅಂತ ನೋಡಿ 1987ರಲ್ಲಿ ಬರೆದರು. ಅವರ ಪ್ರಶ್ನೆ ಮಗ್ಗುಲು ಬದಲಿಸಿದ್ದು ಈ ಹೊತ್ತಿನಲ್ಲಿ ಅಂತ ನನ್ನ ಅಂದಾಜು. ಅಲ್ಲಿಯವರೆಗೆ ಅವರು ಕೇಳುತ್ತಿದ್ದದ್ದು, ಒಳಗೆ ಕೂತವನು ಹೇಗೆ ಚೆನ್ನಾಗಿ ನಡೆಸಬೇಕು ಅಂತ. ಈಗ ಕೇಳತೊಡಗಿದ್ದು, ಅವನು ನಡೆಸದಿದ್ದರೆ ಹೊರಗೆ ನಿಂತವನು ಏನು ಮಾಡಬಹುದು ಅಂತ.

ಇದಕ್ಕೆ ಅವರು ಹಿಡಿದ ಹತಾರ ಆಲ್ಬರ್ಟ್ ಹರ್ಷ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞರದ್ದು. ಹರ್ಷ್‌ಮನ್ ನೈಜೀರಿಯಾದಲ್ಲಿ ಒಂದು ವಿಚಿತ್ರ ನೋಡಿದ್ದರು. ಅಲ್ಲಿ ರೈಲು ಹದಗೆಟ್ಟಿತ್ತು. ಪಕ್ಕದಲ್ಲೇ ಲಾರಿಗಳು ಬಂದವು. ಪೈಪೋಟಿ ಬಂದರೆ ರೈಲು ಸುಧಾರಿಸಬೇಕಲ್ವಾ? ಸುಧಾರಿಸಲಿಲ್ಲ. ಯಾಕೆಂದರೆ ಗಲಾಟೆ ಮಾಡಬಲ್ಲ ದೊಡ್ಡ ಗಿರಾಕಿಗಳೆಲ್ಲ ಸುಮ್ನೆ ಲಾರಿಗೆ ಹೋಗಿಬಿಟ್ಟರು. ರೈಲಿನವರನ್ನು ಕೇಳುವವರೇ ಉಳಿಯಲಿಲ್ಲ. ಅವರಿಗೆ ಸರ್ಕಾರದ ದುಡ್ಡು ಹೇಗೂ ಬರುತ್ತಿತ್ತು. ಅಂದರೆ ಗಿರಾಕಿಯ ಮುಂದೆ ಎರಡು ದಾರಿ. ಒಂದು ಬಿಟ್ಟು ಹೋಗುವುದು, ಇನ್ನೊಂದು ನಿಂತು ದನಿ ಎತ್ತುವುದು.

ಇದನ್ನು ನಿಮ್ಮ ಬೀದಿಗೆ ತಂದು ನೋಡಿ. ನೀರು ಬರದಿದ್ದರೆ ದುಡ್ಡಿದ್ದವರು ಬೋರ್ ಕೊರೆಸುತ್ತಾರೆ. ಕರೆಂಟ್ ಹೋದರೆ ಯುಪಿಎಸ್. ಶಾಲೆ ಸರಿ ಇಲ್ಲದಿದ್ದರೆ ಕಾನ್ವೆಂಟ್. ಇಂಜಿನಿಯರ್‌ಗೆ ಫೋನ್ ಮಾಡಿ ಜಗಳ ಆಡುವ ತಾಕತ್ತಿದ್ದವರೆಲ್ಲ ಹೀಗೆ ಬಿಟ್ಟು ಹೋಗುತ್ತಾರೆ. ಉಳಿಯುವವರು ಬಿಟ್ಟು ಹೋಗಲಾರದವರು. ಅವರ ದನಿ ಕಚೇರಿಯ ಗೇಟೂ ದಾಟುವುದಿಲ್ಲ.

ಇಲ್ಲಿ ನನ್ನದೂ ಒಂದು ಮಾತು ಸೇರಿಸುತ್ತೇನೆ. ನಾನು ಪಿಎಚ್‌ಡಿ ಮಾಡಿದ್ದು ಸರ್ಕಾರಿ ಕಚೇರಿಗಳ ಆಡಳಿತದ ಮೇಲೆ. ಇನ್ನೂರೈವತ್ತು ಪುಟ. ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಅಂತ ಬಾಣದ ಗುರುತು ಹಾಕಿ ಚಿತ್ರ ಬರೆದಿದ್ದೆ. ಪದವಿ ಬಂದ ಮರುವರ್ಷ ಅಪ್ಪನ ಮನೆಯ ಖಾತಾ ಬದಲಾವಣೆಗೆ ಒಂದು ಕಚೇರಿಗೆ ಹೋದೆ. ನಾಲ್ಕು ಸಲ ಹೋದೆ. ಒಮ್ಮೆ ಸಾಹೇಬರು ಮೀಟಿಂಗು, ಒಮ್ಮೆ ಸರ್ವರ್ ಡೌನ್, ಒಮ್ಮೆ ಝೆರಾಕ್ಸ್ ಮೇಲೆ ಸಹಿ ಇಲ್ಲ. ನಾಲ್ಕನೇ ಸಲ ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತೆ. ಅಲ್ಲಿ ಸ್ಕೂಟರ್ ಮೇಲೆ ಒಬ್ಬ ಕೂತಿದ್ದ. ಸೀಟಿನ ಮೇಲೆ ಸ್ಟಾಂಪ್ ಪ್ಯಾಡು, ರಬ್ಬರ್ ಮೊಹರು, ನಾಲ್ಕೈದು ಪೆನ್ನು. "ಸಾರ್, ಎಷ್ಟನೇ ಸಲ?" ಎಂದ. ಅಷ್ಟೇ ಕೇಳಿದ್ದು. ಇಡೀ ಕಚೇರಿ ನಿಜವಾಗಿ ನಡೀತಿದ್ದದ್ದು ಆ ಸ್ಕೂಟರಿನಿಂದ. ನನ್ನ ಇನ್ನೂರೈವತ್ತು ಪುಟದಲ್ಲಿ ಆ ಮರವೂ ಇರಲಿಲ್ಲ, ಆ ಸ್ಕೂಟರೂ ಇರಲಿಲ್ಲ. ಕೌಂಟರಿನ ಆಚೆಗೆ ಹೋಗಿ, ಚಹಾ ಕುಡಿದು, ಕಡತ ನೋಡಿ ಬಂದವನಿಗೆ ಅವು ಕಾಣುವುದೂ ಇಲ್ಲ.

ಮತ್ತೆ ಪಾಲ್ ಹತ್ತಿರ ಬರೋಣ. ತೊಂಬತ್ತರ ದಶಕದ ಶುರುವಿನಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ವಯಸ್ಸು ಅರವತ್ತು ದಾಟಿತ್ತು. ಈ ವಯಸ್ಸಿಗೆ ನಮ್ಮ ದೊಡ್ಡ ಪ್ರೊಫೆಸರುಗಳು ಕುಲಪತಿ ಹುದ್ದೆಗೆ ಓಡಾಡುತ್ತಿರುತ್ತಾರೆ. ಪಾಲ್ ಏನು ಮಾಡಿದರು? ಊರಿನ ಕೆಲವರನ್ನು ಸೇರಿಸಿಕೊಂಡು, ಬೆಂಗಳೂರಿನ ಕಚೇರಿಗಳಿಗೆ ಮಾರ್ಕ್ಸ್ ಕಾರ್ಡ್ ಕೊಡೋಣ ಎಂದರು.

ಇದು 1993ರ ಮಾತು. ಸೈಟು ಹಂಚುವ ಬಿಡಿಎ ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಜಲಮಂಡಳಿ, ಆಗಿನ ವಿದ್ಯುತ್ ಮಂಡಳಿ ಕೆಇಬಿ, ಕಾರ್ಪೊರೇಷನ್, ಟೆಲಿಫೋನ್, ಹೀಗೆ. ಪೇಟೆಯಲ್ಲಿ ಸೋಪು, ಟೂತ್‌ಪೇಸ್ಟ್ ಬಗ್ಗೆ ಮನೆಮನೆಗೆ ಹೋಗಿ ಕೇಳುವವರು ಇರುತ್ತಾರಲ್ಲ, ಅದೇ ವಿದ್ಯೆಯನ್ನು ಕಚೇರಿಗಳಿಗೆ ತಿರುಗಿಸಿದರು. ಸಮೀಕ್ಷೆಯ ಖರ್ಚಿಗೆ ಊರಿನವರೇ ದುಡ್ಡು ಕೊಟ್ಟರು. ಕೇಳಿದ್ದು ನೇರವಾದ ಪ್ರಶ್ನೆ. ಕೆಲಸಕ್ಕೆ ಎಷ್ಟು ಸಲ ಅಲೆದಿರಿ? ಕೆಲಸ ಆಯ್ತಾ? ಅಲ್ಲಿಯವರು ಸರಿಯಾಗಿ ಮಾತಾಡಿಸಿದರಾ? ದುಡ್ಡು ಕೊಟ್ಟಿರಾ, ಎಷ್ಟು? ಮಧ್ಯಮ ವರ್ಗದ ಮನೆಗಳಲ್ಲಿ ಕೇಳಿದರು, ಕೊಳೆಗೇರಿಗಳಲ್ಲೂ ಕೇಳಿದರು.

1994ರಲ್ಲಿ ಫಲಿತಾಂಶ ಬಂತು. ಬಿಡಿಎ ಕೆಲಸದ ಬಗ್ಗೆ ತೃಪ್ತಿ ಇದೆ ಎಂದವರು ನೂರಕ್ಕೆ ಒಬ್ಬರು. ಹೌದು, ಒಬ್ಬರು. ಉಳಿದ ಕಚೇರಿಗಳೂ ಪಾಸಾಗಿರಲಿಲ್ಲ ಬಿಡಿ, ಹಲವು ಒಂದಂಕಿಯಲ್ಲೇ ಒದ್ದಾಡುತ್ತಿದ್ದವು. ಕೊಳೆಗೇರಿಯ ಮನೆಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಮನೆ ಲಂಚ ಕೊಟ್ಟಿತ್ತು. ಬಡವರ ಕೆಲಸಕ್ಕೆ ಯಾರು ಲಂಚ ಕೇಳುತ್ತಾರೆ ಅನ್ನುವವರಿಗೆ ಇದು ಉತ್ತರ. ಅವರಿಗೆ ಬೋರ್ ಇಲ್ಲ, ಯುಪಿಎಸ್ ಇಲ್ಲ, ಆ ಕಿಟಕಿಯೊಂದೇ ಗತಿ. ಕೇಳುವವನಿಗೂ ಅದು ಗೊತ್ತು.

ಇಂಗ್ಲಿಷ್ ಪತ್ರಿಕೆಯೊಂದು ಇದನ್ನು ವಾರವಾರ ಹಾಕಿತು. ಬೆಂಗಳೂರಿನಲ್ಲಿ ಕಚೇರಿ ಸರಿ ಇಲ್ಲ ಅಂತ ಬೈಯುವುದೇನು ಹೊಸದಲ್ಲ. ಪ್ರತಿ ಕಟಿಂಗ್ ಶಾಪಿನಲ್ಲೂ ಬೈಯುತ್ತಾರೆ. ಆದರೆ ಬೈಗುಳಕ್ಕೆ ಸಾಹೇಬರು "ಯಾರೋ ನಾಲ್ಕು ಜನ ಮಾತಾಡ್ತಾರೆ" ಅನ್ನಬಹುದು. ಅಂಕಿಗೆ ಹಾಗನ್ನುವುದು ಕಷ್ಟ. ಅದರಲ್ಲೂ ಪಕ್ಕದ ಇಲಾಖೆಗೆ ನಮಗಿಂತ ಜಾಸ್ತಿ ಬಂದಿದ್ದರೆ! ಕೊನೆಯ ಬೆಂಚಿನಲ್ಲಿ ಕೂತ ಬಿಡಿಎಯವರೇ ಮೊದಲು ಪಾಲ್ ಅವರನ್ನು ಕರೆದು, ಏನು ಮಾಡಬಹುದು ಅಂತ ಕೇಳಿದರಂತೆ. ಉಳಿದ ಕೆಲವರು ಕಾಗದ ಮಡಚಿ ಒಳಗಿಟ್ಟರು.

ಅದೇ 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಅನ್ನುವ ಲಾಭರಹಿತ ಸಂಸ್ಥೆ ಶುರು ಮಾಡಿದರು. ಮೊದಲು ಕೋರಮಂಗಲದಲ್ಲಿತ್ತು, ಆಮೇಲೆ ಜಿಗಣಿ ರಸ್ತೆಗೆ ಹೋಯಿತು. 1999ರಲ್ಲಿ ಎರಡನೇ ಸಲ ಮಾರ್ಕ್ಸ್ ಕಾರ್ಡ್ ಬಂತು. ಸ್ವಲ್ಪ ಸುಧಾರಣೆ ಇತ್ತು, ಬಿಡಿಎ ಇನ್ನೂ ಇಪ್ಪತ್ತು ದಾಟಿರಲಿಲ್ಲ. 2003ರ ಮೂರನೇ ಸಲಕ್ಕೆ ಅದೇ ಬಿಡಿಎ ನೂರಕ್ಕೆ 80 ದಾಟಿತು.

ಈಗ ಚಪ್ಪಾಳೆ ತಟ್ಟಬೇಡಿ. ನನಗೆ ಇಲ್ಲಿ ಒಂದು ತಕರಾರಿದೆ. ಸಮೀಕ್ಷೆಯಿಂದಲೇ ಇಷ್ಟೆಲ್ಲ ಆಯಿತು ಅಂತ ಹೇಳಿದರೆ ಅದು ಕಥೆ ಕಟ್ಟಿದ ಹಾಗೆ. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಊರಿನ ಸೇವೆಗಳನ್ನು ಸುಧಾರಿಸಲು ಇನ್ಫೋಸಿಸ್‌ನ ನಂದನ್ ನಿಲೇಕಣಿ ಮುಂದಾಳತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಮಾಡಿದರು. ಬಿಡಿಎಗೆ ಜಯಕರ್ ಜೆರೋಮ್ ಕಮಿಷನರ್ ಆಗಿ ಬಂದರು. ಸೈಟು ಹಂಚಿದರು, ಒತ್ತುವರಿ ಬಿಡಿಸಿದರು. ಐಟಿ ದುಡ್ಡು ಊರಿಗೆ ಹರಿಯುತ್ತಿದ್ದ ಕಾಲ ಅದು. ಇಷ್ಟೆಲ್ಲ ಸೇರಿ ಆದ ಬದಲಾವಣೆಯಲ್ಲಿ ಮಾರ್ಕ್ಸ್ ಕಾರ್ಡಿನ ಪಾಲೆಷ್ಟು ಅಂತ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ನನ್ನ ಮಟ್ಟಿಗೆ, ಏನು ಮಾಡಬೇಕು ಅಂತ ಮನಸ್ಸಿದ್ದವರ ಕೈಗೆ ಅದು ಒಂದು ಪಟ್ಟಿ ಕೊಟ್ಟಿತು. 2004ರಲ್ಲಿ ಸರ್ಕಾರ ಬದಲಾಯಿತು, ಟಾಸ್ಕ್ ಫೋರ್ಸೂ ಹೋಯಿತು. ಯಾರ ಮನಸ್ಸನ್ನೂ ಸಮೀಕ್ಷೆ ಕಟ್ಟಿ ಹಾಕಲಾರದು.

ಇನ್ನೊಂದು ತಕರಾರು 'ತೃಪ್ತಿ' ಅನ್ನುವ ಮಾತಿನ ಮೇಲೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇದು ನನ್ನ ಕೈ ಸುಟ್ಟ ಜಾಗ.

ಪಾಲ್ ಮಾದರಿ ನೋಡಿ ಹುರುಪು ಬಂದು, ನಾನೂ ನನ್ನ ವಿದ್ಯಾರ್ಥಿಗಳೂ ಬಯಲುಸೀಮೆಯ ಒಂದು ಊರಿನಲ್ಲಿ ನಲ್ಲಿ ನೀರಿನ ಸಮೀಕ್ಷೆ ಮಾಡಿದೆವು. ಹಾಳೆಯಲ್ಲಿ ಮೂರು ಚೌಕ: ಪೂರ್ತಿ ತೃಪ್ತಿ, ಸ್ವಲ್ಪ ತೃಪ್ತಿ, ತೃಪ್ತಿ ಇಲ್ಲ. ಒಂದು ಓಣಿಯ ಕೊನೆಯಲ್ಲಿ ಅಜ್ಜಿಯೊಬ್ಬರು ಜಗಲಿ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ಸಾಲಾಗಿ ನೀಲಿ ಡ್ರಮ್ಮು, ಕೊಡ, ಬಿಂದಿಗೆ, ಕಡೆಗೆ ಒಂದು ಪೇಂಟಿನ ಡಬ್ಬ. ಎಲ್ಲಕ್ಕೂ ಮುಚ್ಚಳ. "ಅಜ್ಜೀ, ನೀರಿನ ಬಗ್ಗೆ ನಿಮಗೆ ತೃಪ್ತಿ ಇದೆಯಾ?" ಎಂದು ನಮ್ಮ ಹುಡುಗಿ ಕೇಳಿದಳು. ಅಜ್ಜಿ ತಲೆ ಎತ್ತಿ ನೋಡಿದರು. ತೃಪ್ತಿ ಅನ್ನುವುದು ಊಟ ಆದ ಮೇಲೆ ಹೇಳುವ ಮಾತು, ನೀರಿಗೆ ಯಾರು ಹಾಗೆ ಕೇಳುತ್ತಾರೆ? ಸ್ವಲ್ಪ ಹೊತ್ತು ಬಿಟ್ಟು, "ಪರ್ವಾಗಿಲ್ಲ ಕಣವ್ವಾ, ಬತ್ತದೆ" ಎಂದರು. ಎಷ್ಟು ದಿನಕ್ಕೊಮ್ಮೆ? "ಎಂಟ್ ದಿನ್ಕೊಂದ್ಸಲ. ಮೊದ್ಲು ಹದ್ನೈದ್ ದಿನ ಆಗ್ತಿತ್ತು."

ನಮ್ಮ ಹುಡುಗಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. 'ಪರವಾಗಿಲ್ಲ' ಯಾವ ಚೌಕಕ್ಕೆ? ನೀವೇ ಯೋಚಿಸಿ. ಜ್ವರ ಬಿಟ್ಟ ಮೇಲೆ ಪರವಾಗಿಲ್ಲ ಅನ್ನುತ್ತೇವೆ. ಕಾಲು ತುಳಿದವನಿಗೂ ಪರವಾಗಿಲ್ಲ ಅನ್ನುತ್ತೇವೆ. ಮಗಳ ಗಂಡನ ಬಗ್ಗೆ ಕೇಳಿದರೂ ಪರವಾಗಿಲ್ಲ. ಮೂರೂ ಬೇರೆ ಬೇರೆ. ಎರಡು ಬೀದಿ ಆಚೆ ಬಡಾವಣೆಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಅಲ್ಲಿಯ ನಿವೃತ್ತ ನೌಕರರೊಬ್ಬರು, ಪ್ರಶ್ನೆ ಮುಗಿಯುವುದರೊಳಗೆ "ತೃಪ್ತಿ ಇಲ್ಲ, ಬರ್ಕೊಳ್ಳಿ" ಎಂದು ಗುಡುಗಿದರು. ಅಂಕಿ ಕೂಡಿಸಿದಾಗ ನೀರು ಕಡಿಮೆ ಬರುವ ಓಣಿಯಲ್ಲಿ ತೃಪ್ತಿ ಜಾಸ್ತಿ ಅಂತ ಬಂತು. ಅದನ್ನು ಹಾಗೇ ಅಚ್ಚು ಹಾಕಿಸಿ ಪುರಸಭೆಗೆ ಕೊಟ್ಟಿದ್ದರೆ, ಆ ಓಣಿಗೆ ಇನ್ನೆರಡು ದಿನ ಕಡಿತ ಮಾಡುತ್ತಿದ್ದರೋ ಏನೋ.

ಪಾಲ್ ತಂಡದವರಿಗೆ ಈ ತೊಡಕು ಗೊತ್ತಿರಲಿಲ್ಲ ಅಂತಲ್ಲ. ಎಷ್ಟು ಸಲ ಅಲೆದಿರಿ, ಎಷ್ಟು ಕೊಟ್ಟಿರಿ ಅಂತ ಎಣಿಸುವ ಪ್ರಶ್ನೆ ಅವರು ಇಟ್ಟಿದ್ದು ಸುಮ್ನೆ ಅಲ್ಲ. ನಾವು ಅವರ ಮಾರ್ಕ್ಸ್ ಕಾರ್ಡಿನ ಕೊನೆಯ ಸಾಲು ಮಾತ್ರ ನೋಡಿ ಕಾಪಿ ಹೊಡೆದಿದ್ದೆವು.

ಆಮೇಲಿನದ್ದು ಬೇಗ ಹೇಳುತ್ತೇನೆ. 2002ರಲ್ಲಿ ದೇಶದ 24 ರಾಜ್ಯಗಳ 36 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇದೇ ಥರ ಕೇಳಿದ ವರದಿ ಬಂತು. ಫಿಲಿಪೀನ್ಸ್, ಉಕ್ರೇನ್, ಕೆನ್ಯಾ ಅಂತ ಈ ಮಾದರಿ ಹೊರಗೂ ಹೋಯಿತು. ಪಾಲ್ ತಮ್ಮ ಸೆಂಟರಿನ ನಿರ್ದೇಶಕರ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಎನ್‌ಜಿಒ ಜಗತ್ತಿನಲ್ಲಿ ಇದು ಅಪರೂಪ. ಎಷ್ಟೋ ಒಳ್ಳೆಯ ಸಂಸ್ಥೆಗಳು, ಕಟ್ಟಿದವರ ಹೆಸರಿನ ಜೊತೆಗೇ ಮುಗಿದುಹೋಗುತ್ತವೆ. ತಮಿಳುನಾಡೂ ಉತ್ತರ ಪ್ರದೇಶವೂ ಯಾಕೆ ಹೀಗೆ ಬೇರೆಬೇರೆಯಾದವು ಅಂತ ಸಹೋದ್ಯೋಗಿಯ ಜೊತೆ ಸೇರಿ ಬರೆದ ಪುಸ್ತಕ 2015ರಲ್ಲಿ ಬಂತು. ಆ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇದು ಒಬ್ಬರದ್ದೇ ಕಥೆ ಅನ್ನಬೇಡಿ. ಅದೇ ಅಹಮದಾಬಾದಿನಿಂದ ತ್ರಿಲೋಚನ್ ಶಾಸ್ತ್ರಿ, ಜಗದೀಪ್ ಛೋಕರ್ ಮತ್ತು ಅವರ ಜೊತೆಯವರು 1999ರಲ್ಲಿ ಚುನಾವಣೆ ಸುಧಾರಣೆಗೆ ಅಂತ ಎಡಿಆರ್ ಅನ್ನುವ ಸಂಸ್ಥೆ ಶುರು ಮಾಡಿ ದೆಹಲಿ ಹೈಕೋರ್ಟಿಗೆ ಹೋದರು. ಛೋಕರ್ ಮೊದಲು ರೈಲ್ವೆಯಲ್ಲಿದ್ದವರು. ಶಾಸ್ತ್ರಿ ಆಮೇಲೆ ನಮ್ಮ ಬೆಂಗಳೂರು ಐಐಎಂಗೆ ಬಂದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಈಗ ಚುನಾವಣೆ ಬಂದಾಗ ಯಾರ ಮೇಲೆ ಎಷ್ಟು ಕೇಸಿದೆ, ಎಷ್ಟು ಆಸ್ತಿ ಇದೆ ಅಂತ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು ಬಂದದ್ದು ಹಾಗೆ.

ಕೊನೆಗೆ ನಿಮ್ಮಲ್ಲಿ ಕೆಲವರು ಕೇಳಬೇಕು ಅಂತ ಕಾಯುತ್ತಿರುವ ಪ್ರಶ್ನೆ: ಇದನ್ನು ಎಲ್ಲಿ ಓದಬೇಕು? ಸಾರ್ವಜನಿಕ ಆಡಳಿತದ ಎಂಎ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಇದೆ. ನಾಗರಭಾವಿಯ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್, ಅದರ ಅಕ್ಕಪಕ್ಕದಲ್ಲೇ ಇರುವ ಲಾ ಸ್ಕೂಲಿನ ಪಬ್ಲಿಕ್ ಪಾಲಿಸಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಗುಜರಾತಿನ ಗ್ರಾಮೀಣ ನಿರ್ವಹಣೆಯ ಸಂಸ್ಥೆ ಇರ್ಮಾ. ಸಂಬಳ? ಐಟಿಯವರ ಜೊತೆ ಹೋಲಿಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗಂತ ಉಪವಾಸವೂ ಇಲ್ಲ. ಪರವಾಗಿಲ್ಲ.

ನಗಬೇಡಿ, ಇದು ಮೊದಲನೇ ಥರದ ಪರವಾಗಿಲ್ಲ.

(ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸಾರ್, ಕೊನೆಗೂ ಆ ಅಜ್ಜಿ ಉತ್ತರ ಯಾವ ಚೌಕಕ್ಕೆ ಹಾಕಿದ್ರಿ?" ಎಂದು ಕೇಳಿದ.)

'ಸ್ವಲ್ಪ ತೃಪ್ತಿ'ಗೆ ಹಾಕಿದೆವು. ಮರುವರ್ಷ ಹೋಗುವಾಗ ಆ ಮೂರು ಚೌಕವನ್ನೇ ತೆಗೆದುಹಾಕಿದೆವು. ಹೋದ ತಿಂಗಳು ಎಷ್ಟು ಸಲ ನೀರು ಬಂತು, ಎಷ್ಟು ಹೊತ್ತು ಬಂತು, ಮನೆಯಲ್ಲಿ ಎಷ್ಟು ಡ್ರಮ್ಮಿದೆ ಅಂತ ಕೇಳಿದೆವು. ಡ್ರಮ್ಮು ಎಣಿಸೋದಕ್ಕೆ ಅಜ್ಜಿಯೇ ಎದ್ದು ಬಂದರು. ಪೇಂಟಿನ ಡಬ್ಬವನ್ನೂ ಸೇರಿಸಿಕೊಳ್ಳಿ ಎಂದರು.